ಲೊಚಗುಟ್ಟಿದರೆ ಗೋಲು

"ನೀವೆಲ್ಲ ಇನ್ನೂ ಮೊಟ್ಟೆಯೊಳಗಿದ್ದಾಗ ನಡೆದ ವಿಶ್ವಕಪ್ಪಿನಲ್ಲಿ ನಾನೊಮ್ಮೆ ಲೊಚಗುಟ್ಟಿದೆ ನೋಡಿ, ಹೊರಗೆ ಹೋಗುತ್ತಿದ್ದ ಚೆಂಡು ತಿರುಗಿ ಬಂದು ಗೋಲಿನೊಳಗೆ ಬಿತ್ತು!" ಎಂದಿತು ಮುದಿ ಹಲ್ಲಿ. ಆ ಹೆಗ್ಗಳಿಕೆಯ ಮೇಲೆಯೇ, ಫುಟ್‌ಬಾಲ್ ಮ್ಯಾಚು ನಡೆಯುತ್ತಿದ್ದ ಟಿವಿಯ ಮೇಲಿನ ಟ್ಯೂಬ್‌ಲೈಟು, ಅದಕ್ಕೆ ಮುತ್ತುವ ಹುಳುಗಳು, ಎಲ್ಲವನ್ನೂ ಅದು ತನ್ನದೆಂದು ಹಿಡಿದುಕೊಂಡಿತ್ತು.

ಮೊಟ್ಟೆಯಿಡಲಿದ್ದ ಹೆಣ್ಣುಹಲ್ಲಿಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ನಿಂತಲ್ಲಿ ನಿಲ್ಲಲಾಗದೆ ಗೋಡೆಯ ತುಂಬ ಓಡಾಡಿ, "ಅಜ್ಜಾ, ನನಗೂ ಚೂರು ಜಾಗ ಬಿಡು" ಎಂದಿತು.

"ಬಿಟ್ಟರೆ ಗೋಲು ಹೊಡೆಸುವವರು ಯಾರೇ? ಈಗ ನೋಡು!" ಮುದಿ ಹಲ್ಲಿ ಗೋಡೆಗೆ ಕಿವಿಯೊತ್ತಿ ಚಡಪಡಿಸಿತು, ಆಮೇಲೆ ಲೊಚಗುಟ್ಟಿತು. ಟಿವಿಯಲ್ಲಿ ಗೋಲಾಯಿತು. ಉಳಿದ ಹಲ್ಲಿಗಳು ಬೆರಗಾದವು.

ಹೆಣ್ಣುಹಲ್ಲಿಯೂ ಗೋಡೆಗೆ ಕಿವಿ ಕೊಟ್ಟಿತ್ತು. "ಪಕ್ಕದ ಮನೆಯಲ್ಲೂ ಇದೇ ಮ್ಯಾಚು, ಅಜ್ಜಾ. ಅವರ ಟಿವಿಯಲ್ಲಿ ಎಲ್ಲ ಒಂದು ಕ್ಷಣ ಮೊದಲೇ ಬರುತ್ತೆ. ಅವರು ಗೋಲ್ ಅಂತ ಕೂಗಿದ ಮೇಲಲ್ಲವೇ ನೀನು ಲೊಚಗುಟ್ಟಿದ್ದು?"

ಎಲ್ಲ ಹಲ್ಲಿಗಳೂ ಮುದಿ ಹಲ್ಲಿಯತ್ತ ತಿರುಗಿದವು.

"ಇರಬಹುದು. ಆ ಮನೆಯಲ್ಲಿ ಲೊಚಗುಟ್ಟುವವನು ನನ್ನ ತಮ್ಮ" ಎಂದು ಹೆಗಲು ಕುಣಿಸಿ, ಅದು ಪಕ್ಕಕ್ಕೆ ಸರಿದು ಜಾಗ ಬಿಟ್ಟಿತು.