ಹತ್ತಕ್ಕೆ ಹತ್ತು

"ಗುರುಗಳೇ, ಒಂದು ತಂಡ ಚೆನ್ನಾಗಿ ಕೆಲಸ ಮಾಡಿತೋ ಇಲ್ಲವೋ ಎಂದು ಪಕ್ಕದಲ್ಲಿ ನಿಂತು ನೋಡುವವನಿಗೆ ಹೇಗೆ ಗೊತ್ತಾಗಬೇಕು?"

ಕೇಳಿದವನು ಡಾಕ್ಟರಿಕೆ ಕಲಿಯುತ್ತಿದ್ದ ಶಿಷ್ಯ. ಅವನ ಕೈಯಲ್ಲಿ ಅಂಕದ ಹಾಳೆಯಿತ್ತು. ಅವನ ಜೊತೆಯವರು ನಾಲ್ವರು ರಬ್ಬರ್ ಗೊಂಬೆಯೊಂದನ್ನು ರೋಗಿ ಎಂದುಕೊಂಡು, ನಿಂತುಹೋದ ಅದರ ಎದೆಬಡಿತವನ್ನು ಮತ್ತೆ ಶುರು ಮಾಡಿ, ಬೆವರು ಒರೆಸಿಕೊಂಡು ಆಗಷ್ಟೇ ಚಹಾಕ್ಕೆ ಹೋಗಿದ್ದರು. ಇವನು ಸಹಿ ಹಾಕಿದರೆ ನಾಳೆಯಿಂದ ಆ ನಾಲ್ವರು ತುರ್ತು ವಾರ್ಡಿನಲ್ಲಿ ನಿಜವಾದ ರೋಗಿಗಳ ಬಳಿ ನಿಲ್ಲುತ್ತಾರೆ. ಹಾಳೆಯಲ್ಲಿ ಒಂದು ತಪ್ಪೂ ಇರಲಿಲ್ಲ. ಆದರೂ ಪೆನ್ನು ಓಡುತ್ತಿರಲಿಲ್ಲ.

ಗುರು ಗೊಂಬೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತರು. ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ವೈದ್ಯನಿದ್ದ. ಆ ಊರಿನ ಸುತ್ತ ವಿಷದ ಕಾಯಿ ಬಿಡುವ ಗಿಡಗಳು ಬಹಳ. ಕಾಯಿ ತಿಂದವರಿಗೆ ಬೇಗನೆ ಒಂದು ಬಟ್ಟಲು ಕಷಾಯ ಕುಡಿಸಿದರೆ ಬದುಕುತ್ತಿದ್ದರು. ತಡವಾದರೆ ಇಲ್ಲ. ಗಾಬರಿಯಲ್ಲಿ ಕೈಕಾಲು ಆಡುವುದಿಲ್ಲವೆಂದು ವೈದ್ಯ ಹೊಟ್ಟು ತುಂಬಿದ ಗೊಂಬೆ ಮಾಡಿಸಿ ಶಿಷ್ಯರಿಗೆ ಅಭ್ಯಾಸ ಮಾಡಿಸಿದ.

ಮೊದಲ ದಿನ ಗೊಂಬೆಗೆ ನಿಜವಾಗಿಯೇ ಕಷಾಯ ಕುಡಿಸಿದರು. ಹೊಟ್ಟು ನೆನೆಯಿತು. ಮೂರನೆಯ ದಿನಕ್ಕೆ ರೋಗಿ ನಾರತೊಡಗಿದ. ನಾಲ್ಕನೆಯ ದಿನ ಇಲಿಗಳು ರೋಗಿಯ ಯೋಗಕ್ಷೇಮ ವಿಚಾರಿಸಲು ಬಂದವು. ವೈದ್ಯ ಹೇಳಿದ: "ಇನ್ನು ಮೇಲೆ ಕುಡಿಸಬೇಡಿ. ಬಟ್ಟಲು ಎತ್ತಿ, ಬಾಯಿಯ ಹತ್ತಿರ ಹಿಡಿದು, 'ಕುಡಿಸಿದೆ' ಎಂದು ಕೂಗಿ ಕೆಳಗಿಡಿ. ಸಾಕು."

ಒಬ್ಬ ಶಿಷ್ಯನನ್ನು ನೋಡುವುದಕ್ಕೆಂದೇ ಕೂರಿಸಿದ. ತಂಡದ ಮುಖಂಡ ಹೆಸರು ಹಿಡಿದು ಕೆಲಸ ಹೇಳಿದನೇ? ಹೇಳಿಸಿಕೊಂಡವನು ತಿರುಗಿ ಕೂಗಿದನೇ? ಓಡಾಡುವಾಗ ಡಿಕ್ಕಿ ಹೊಡೆದುಕೊಂಡರೇ? ಸರಿಯಾದುದಕ್ಕೆಲ್ಲ ಹಲಗೆಯ ಮೇಲೆ ಒಂದೊಂದು ಗೆರೆ. ನೋಡುವವನು ನಡುವೆ ಬಾಯಿ ಹಾಕುವಂತಿಲ್ಲ. ಅವನ ಕಣ್ಣು ಬಲು ಚುರುಕು. ಗೊಂಬೆಯ ಕಾಲು ತುಳಿದವನಿಗೂ ಒಂದು ಗೆರೆ ಕಡಿಮೆ ಮಾಡಿದ.

"ಲೋ, ನೋವಾಯಿತು ಅಂತ ಗೊಂಬೆ ನಿನ್ನ ಕಿವೀಲಿ ಹೇಳಿತೇನೋ?" ಎಂದು ತುಳಿದವನು ರೇಗಿದ.

"ಹೇಳಿತು. ನಿನ್ನ ಕಾಲು ಸ್ವಲ್ಪ ಭಾರವಂತೆ."

ವರ್ಷ ತುಂಬುವುದರೊಳಗೆ ಅದೇ ತಂಡ ದಿನವೂ ಹತ್ತಕ್ಕೆ ಹತ್ತು ತೆಗೆಯತೊಡಗಿತು. ಗೊಂಬೆ ಮುನ್ನೂರು ಸಲ ಬದುಕಿತು. ಅಷ್ಟು ಸಲ ಬದುಕಿದವರು ಆ ಊರಿನಲ್ಲಿ ಬೇರೆ ಯಾರೂ ಇರಲಿಲ್ಲ.

ಒಂದು ಮಧ್ಯಾಹ್ನ ವೈದ್ಯ ಪಕ್ಕದೂರಿಗೆ ಹೋಗಿದ್ದ. ನೋಡುವವನ ತಂಗಿಯನ್ನೇ ಹೊತ್ತು ತಂದರು. ಎಂಟು ವರ್ಷದವಳು. ಕಾಯಿ ತಿಂದಿದ್ದಳು.

"ಅಣ್ಣಾ, ಹೊಟ್ಟೆ ಉರೀತದೆ."

"ಹೆದರಬೇಡ ಪುಟ್ಟಿ. ಇವರು ಹತ್ತಕ್ಕೆ ಹತ್ತು ತೆಗೆಯೋರು."

"ನಿನಗೆಷ್ಟು?" ಎಂದಳು. ಅಷ್ಟು ನೋವಿನಲ್ಲೂ ಅಣ್ಣನನ್ನು ಕೆಣಕುವುದು ಬಿಡಲಿಲ್ಲ.

ಉತ್ತರಕ್ಕೆ ಹೊತ್ತಿರಲಿಲ್ಲ. ಅವನು ಹಲಗೆ ಎತ್ತಿಕೊಂಡು ತನ್ನ ಜಾಗದಲ್ಲಿ ಕುಳಿತ.

ತಂಡ ಓಡಿ ಬಂತು. ಮುಖಂಡ ಹೆಸರು ಹಿಡಿದು ಕೂಗಿದ. ಎರಡನೆಯವನು ಬಟ್ಟಲು ಎತ್ತಿದ, ಬಾಯಿಯ ಹತ್ತಿರ ಹಿಡಿದ, "ಕುಡಿಸಿದೆ" ಎಂದು ಕೂಗಿದ, ಕೆಳಗಿಟ್ಟ. ಹುಡುಗಿ ಬಾಯಿ ತೆರೆದಳು. ಗೊಂಬೆ ಎಂದೂ ಬಾಯಿ ತೆರೆದಿರಲಿಲ್ಲವಾದ್ದರಿಂದ ಅದನ್ನು ಯಾರೂ ಗಮನಿಸಲಿಲ್ಲ. ಮೂರನೆಯವನು ತಲೆ ಹಿಡಿದ. ನಾಲ್ಕನೆಯವನು ಕಾಲು ತಿಕ್ಕಿದ. ಯಾರಿಗೂ ಯಾರೂ ಡಿಕ್ಕಿ ಹೊಡೆಯಲಿಲ್ಲ. ಹಲಗೆಯ ಮೇಲೆ ಹತ್ತನೆಯ ಗೆರೆ ಬಿತ್ತು. ಮುಖಂಡ ಹಣೆಯ ಬೆವರು ಒರೆಸಿಕೊಂಡ. ಸ್ವಲ್ಪ ಹೊತ್ತಿಗೆ ಹುಡುಗಿಯ ಉಸಿರು ನಿಂತಿತು.

ವೈದ್ಯ ಬಂದ. ಹುಡುಗಿಯನ್ನು ನೋಡಿದ. ಕುಡಿಸಿದ್ದೇನೆ ಎಂದು ಎರಡನೆಯವನು ಆಣೆ ಮಾಡಿದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನ ಕೈಗೆ ಕುಡಿಸುವುದೆಂದರೆ ಅಷ್ಟೇ ಆಗಿಹೋಗಿತ್ತು. ವೈದ್ಯ ಬಟ್ಟಲನ್ನು ತಂದು ನೋಡುವವನ ಮುಂದೆ ಹಿಡಿದ.

"ತುಂಬಿಯೇ ಇದೆಯಲ್ಲೋ! ನಿನಗೆ ಕಾಣಲಿಲ್ಲವೇನೋ?"

"ಕಾಣಿಸಿತು ಸ್ವಾಮಿ. ಅದು ಯಾವತ್ತೂ ತುಂಬಿಯೇ ಇರುತ್ತಿತ್ತಲ್ಲ."

ತಂಗಿಯನ್ನು ಮಣ್ಣು ಮಾಡಿ ಬಂದ ಮೇಲೂ ಅವನು ಆ ಹಲಗೆಯನ್ನು ಒರೆಸಲಿಲ್ಲ. ತಪ್ಪಾದದ್ದು ಯಾವುದು ಎಂದು ಒಂದೊಂದೇ ಗೆರೆಯ ಮೇಲೆ ಬೆರಳಿಟ್ಟು ನೋಡುತ್ತಿದ್ದ. ಎಷ್ಟು ಸಲ ನೋಡಿದರೂ ಎಲ್ಲ ಸರಿಯಾಗಿಯೇ ಇತ್ತು.

ಗುರು ಕತೆ ನಿಲ್ಲಿಸಿದರು.

ಶಿಷ್ಯನಿಗೆ ತಡೆಯಲಾಗಲಿಲ್ಲ. ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಕೆಳಗಿನ ಖಾಲಿ ಜಾಗದಲ್ಲಿ ಬೆರಳಾಡಿಸಿದ. "ಗುರುಗಳೇ, ಇಲ್ಲಿ ಇನ್ನೊಂದು ಸಾಲು ಸೇರಿಸೋಣ. ಬಟ್ಟಲು ಖಾಲಿಯಾಯಿತೇ ಎನ್ನುವಂಥದ್ದು. ಆಗ ಸರಿಹೋಗುತ್ತದಲ್ಲ?"

"ಆ ವೈದ್ಯನೂ ಮರುದಿನವೇ ಸೇರಿಸಿದನಪ್ಪ," ಎಂದರು ಗುರು, "ಅಂದಿನಿಂದ ಶಿಷ್ಯರು ಕಷಾಯವನ್ನು ಕಿಟಕಿಯಾಚೆ ಚೆಲ್ಲಿ 'ಕುಡಿಸಿದೆ' ಎಂದು ಕೂಗುತ್ತಿದ್ದಾರೆ."