ಪೊದೆಯೊಳಗಿನ ವ್ಯಾಪಾರಿ

ಮರಿಗಳ ಹಸಿವು ನೋಡಲಾರದೆ ಕಾಳು ಹುಡುಕುತ್ತಿದ್ದ ಗೌಜಲಹಕ್ಕಿಗೆ ಪೊದೆಯೊಳಗಿಂದ ದನಿಯೊಂದು ಕೇಳಿಸಿತು: "ಒಂದೇ ಗರಿಗೆ ಒಂದು ರಾಶಿ ನವಣೆ! ಮನೆಗೇ ತಲುಪಿಸುತ್ತೇನೆ."

ಹಕ್ಕಿ ಆಸೆಯಿಂದ ಗರಿ ಕಿತ್ತುಕೊಟ್ಟು, ಗೂಡಿನ ದಾರಿಯನ್ನೂ ಹೇಳಿತು.

"ಮರಿಗಳನ್ನು ಹೊರಗೆ ಕರೆಯುವ ನಿಮ್ಮ ಕೂಗನ್ನೂ ಹೇಳಿಬಿಡಿ. ಅವು ಬಾರದಿದ್ದರೆ ಕಾಳು ಯಾರಿಗೆ ಕೊಡಲಿ?"

ಆ ಕೂಗು ತಾಯಿಗೂ ಮರಿಗಳಿಗೂ ಅಲ್ಲದೆ ಬೇರೆ ಯಾರಿಗೂ ಗೊತ್ತಿರಲಿಲ್ಲ.

"ಮೊದಲು ಮುಖ ತೋರಿಸಿ, ಸ್ವಾಮಿ."

"ಹೊತ್ತಿಲ್ಲ! ಬೇಗ ಹೇಳಿ, ಬೇರೆಯವರು ಕಾಯುತ್ತಿದ್ದಾರೆ."

ಹಕ್ಕಿ, ಅಪಾಯ ಬಂದಾಗ ಅಡಗಿಕೊಳ್ಳಿರೆಂದು ಮರಿಗಳನ್ನು ಎಚ್ಚರಿಸುವ ಕೂಗನ್ನು ಹೇಳಿಕೊಟ್ಟು ಹಾರಿಹೋಯಿತು.

ಸಂಜೆ ಗೂಡಿನ ಬಳಿ ಕಾಡುಬೆಕ್ಕೊಂದು ಬಂದು ಅದೇ ಕೂಗನ್ನು ಮತ್ತೆ ಮತ್ತೆ ಕೂಗಿತು. ಮರಿಗಳು ಉಸಿರು ಬಿಗಿಹಿಡಿದು ಹುಲ್ಲಿನೊಳಗೆ ಇನ್ನಷ್ಟು ಸರಿದವು. ಬೆಕ್ಕು ಹುಡುಕಿ ಹುಡುಕಿ ಸೋತು ಹೋಯಿತು.

ಅಂದು ಅವು ಹಸಿದೇ ಮಲಗಿದವು. ತಾಯಿಯ ರೆಕ್ಕೆಯಡಿ ಒಂದು ಮರಿಯೂ ಕಡಿಮೆಯಾಗಿರಲಿಲ್ಲ.