ಹೆಚ್ಚದ ಬಳೆ

"ಅಜ್ಜಾರ, ಗಳಿಸಿದ್ದನ್ನೆಲ್ಲಾ ಹಂಚಿಕೋತ ಕುಂತ್ರ ಕಂಪನಿ ಬೆಳೆಯೋದು ಯಾವಾಗ್ರಿ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಮಡಿವಾಳಯ್ಯ. ಮಠದ ದಾಸೋಹಕ್ಕೆಂದು ಭಕ್ತರು ಕೊಟ್ಟ ಹಣ ಅವನ ಸುಪರ್ದಿಯಲ್ಲಿತ್ತು. ಅದನ್ನೆಲ್ಲ ಹಿಂದಿನವರು ಒಂದು ಹಳೆಯ ಕಂಪನಿಯ ಷೇರುಗಳಲ್ಲಿ ಹಾಕಿದ್ದರು. ಕಂಪನಿ ವರ್ಷಕ್ಕೊಮ್ಮೆ ತಪ್ಪದೆ ಲಾಭಾಂಶ ಕಳಿಸುತ್ತಿತ್ತು. ಮಠದಲ್ಲಿ ಮಧ್ಯಾಹ್ನ ಉಣ್ಣುವವರ ತಟ್ಟೆಗೆ ಬೀಳುವ ಅನ್ನ ಆ ಲಾಭಾಂಶದ್ದೇ. ಈಗ ಕಂಪನಿಯಿಂದ ಇನ್ನೊಂದು ಸುದ್ದಿ ಬಂದಿತ್ತು. ಮಾರುವವರಿದ್ದರೆ ತನ್ನ ಷೇರುಗಳನ್ನು ತಾನೇ ಕೊಂಡು ರದ್ದು ಮಾಡುತ್ತೇನೆ ಎಂದಿತ್ತು. ಪೇಟೆಯ ತಿಳಿವಳಿಕಸ್ಥರು ನಕ್ಕಿದ್ದರು. ಅದು ಮುಪ್ಪಾದ ಕಂಪನಿ, ಮಾಡಲು ಕೆಲಸವಿಲ್ಲದೆ ತನ್ನನ್ನೇ ತಾನು ತಿನ್ನುತ್ತಿದೆ ಎಂದಿದ್ದರು. ಬಿಡಿಗಾಸನ್ನೂ ಹಂಚದೆ ಬಂದದ್ದನ್ನೆಲ್ಲ ಬೆಳವಣಿಗೆಗೇ ಸುರಿಯುವ ಒಂದು ಹೊಸ ಕಂಪನಿಯನ್ನು ತೋರಿಸಿದ್ದರು. ಮಡಿವಾಳಯ್ಯನಿಗೆ ಅವರ ಮಾತು ಹಿಡಿಸಿತ್ತು. ಹಳೆಯದನ್ನೆಲ್ಲ ಮಾರಿ ಹೊಸದಕ್ಕೆ ಹಾಕುವುದೆಂದು ಮನಸ್ಸು ಮಾಡಿದ್ದ. ಗುರುಗಳನ್ನು ಒಂದು ಮಾತು ಕೇಳಿದಂತಾಗಲಿ ಎಂದು ಬಂದಿದ್ದ, ಅಷ್ಟೆ.

ಗುರುಗಳನ್ನು ಏನು ಕೇಳಿದರೂ ನೇರ ಉತ್ತರ ಸಿಕ್ಕುವುದಿಲ್ಲ. ಇದು ಮಠಕ್ಕೆಲ್ಲ ಗೊತ್ತು.

"ಕುಂದರು. ನಿನಗ ಅವಸರ ಇರಬಹುದು, ಕತಿಗೆ ಇಲ್ಲ" ಎಂದರು. ಅವರು ಹೇಳಿದ ಕತೆ ಇದು.

ಬಳೆಗಾರನೊಬ್ಬ ಬಳೆಯ ಮಲಾರವನ್ನು ಹೆಗಲಿಗೇರಿಸಿಕೊಂಡು ಊರೂರು ತಿರುಗುತ್ತಿದ್ದ. ತಿರುಗಿ ತಿರುಗಿ ಕಾಲು ಸೋತವು. ಪರವೂರಿನಿಂದ ಬಳೆ ತಂದು ಮಾರುವ ಬದಲು ತಾನೇ ಯಾಕೆ ಮಾಡಬಾರದು ಅನ್ನಿಸಿತು. ಗಾಜು ಕರಗಿಸುವ ಭಟ್ಟಿ ಕಟ್ಟಲು ಅವನ ಹತ್ತಿರ ದುಡ್ಡಿರಲಿಲ್ಲ. ತನ್ನಿಂದ ಬಳೆ ತೊಡಿಸಿಕೊಳ್ಳುವ ಹೆಂಗಸರನ್ನೇ ಕೇಳಿದ. ಅವರು ಜೋಳದ ಗಡಿಗೆಯಲ್ಲಿ, ಸೀರೆಯ ಮಡಿಕೆಯಲ್ಲಿ, ಗಂಡಂದಿರ ಕಣ್ಣಿಗೆ ಬೀಳದ ಹಾಗೆ ಇಟ್ಟುಕೊಂಡಿದ್ದನ್ನೆಲ್ಲ ತಂದು ಕೊಟ್ಟರು.

ಬಳೆಗಾರನಿಗೆ ಓದು ಬರಹ ಬರುತ್ತಿರಲಿಲ್ಲ. ಭಟ್ಟಿ ಹೊತ್ತಿಸಿದ ಮೊದಲ ದಿನ ಹಸಿರು ಗಾಜಿನ ಮೇಲೆ ಹಳದಿ ಗೆರೆಯ ಬಳೆಗಳನ್ನು ಮಾಡಿ ದುಡ್ಡು ಕೊಟ್ಟವರಿಗೆ ಒಂದೊಂದು ಕೊಟ್ಟ. ಅದನ್ನು ಯಾರೂ ಕೈಗೆ ಹಾಕಿಕೊಳ್ಳುವಂತಿರಲಿಲ್ಲ. ಅದು ಪಾಲಿನ ಬಳೆ. ಆ ಬಳೆ ಯಾರ ಮನೆಯಲ್ಲಿದೆಯೋ ಅವರಿಗೆ ಭಟ್ಟಿಯಲ್ಲಿ ಒಂದು ಪಾಲು.

ಪ್ರತಿವರ್ಷ ನಾಗರ ಪಂಚಮಿ ಹತ್ತಿರ ಬಂತೆಂದರೆ ಬಳೆಗಾರ ಹೆಂಗಸರನ್ನೆಲ್ಲ ಕರೆಸುತ್ತಿದ್ದ. ಕಟ್ಟಿಗೆಗೆ, ಕೂಲಿಗೆ, ಭಟ್ಟಿಯ ದುರಸ್ತಿಗೆ ಬೇಕಾದ್ದನ್ನು ಮೊದಲೇ ತೆಗೆದಿಟ್ಟಿರುತ್ತಿದ್ದ. ಉಳಿದದ್ದನ್ನು ಅಲ್ಲೇ ಕಂಬಳಿಯ ಮೇಲೆ ಸುರಿದು, ಪಾಲಿನ ಬಳೆ ಎಷ್ಟಿವೆಯೋ ಅಷ್ಟು ಗುಂಪು ಮಾಡಿ ಹಂಚುತ್ತಿದ್ದ. ಆಮೇಲೆ ಅವರ ಕೈ ತುಂಬ ಹೊಸ ಬಳೆ ತೊಡಿಸುತ್ತಿದ್ದ. ಅದಕ್ಕೆ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಹೆಂಗಸರು ಹಾಗೇ ಪೇಟೆಗೆ ಹೋಗಿ ಹಬ್ಬದ ಉಂಡಿಗೆ ಬೆಲ್ಲ, ಎಳ್ಳು, ಪುಟಾಣಿ ಕೊಂಡುಕೊಂಡು ಮನೆಗೆ ಹೋಗುತ್ತಿದ್ದರು. ಆ ಓಣಿಯಲ್ಲಿ ಪಂಚಮಿಯ ಖರ್ಚಿಗೆ ಯಾವ ಹೆಂಗಸೂ ಗಂಡನ ಮುಖ ನೋಡುತ್ತಿರಲಿಲ್ಲ.

ಇಷ್ಟು ಹೇಳುವಾಗ ಗುರುಗಳ ದನಿ ಮೆತ್ತಗಾಗಿತ್ತು. ಅಂಥ ಪಂಚಮಿಗಳು ಆಮೇಲೆ ಬರಲಿಲ್ಲ ಎಂದರು. ಮತ್ತೆ ಕತೆ ಮುಂದುವರಿಸಿದರು.

ಸುತ್ತಲಿನ ಸಂತೆಗಳಿಗೆ ಬೇಕಾಗುವ ಬಳೆಯನ್ನು ಆ ಒಂದು ಭಟ್ಟಿಯೇ ಮಾಡುತ್ತಿತ್ತು. ಹೊಳೆಯಾಚೆಯ ಊರುಗಳಿಂದಲೂ ಕೇಳಿಕೊಂಡು ಬರತೊಡಗಿದಾಗ ಬಳೆಗಾರ ಭಟ್ಟಿಯ ಬಾಯಿ ಅಗಲ ಮಾಡಿಸಿದ. ಆ ವರ್ಷ ಹಂಚಿದ್ದು ಕಡಿಮೆ. ಯಾಕೆಂದು ಎಲ್ಲರಿಗೂ ತಿಳಿಸಿದ. ಕೇಳುವವರಿಲ್ಲದಾಗ ಮಾತ್ರ ಭಟ್ಟಿಗೆ ಒಂದು ಇಟ್ಟಿಗೆಯನ್ನೂ ಸೇರಿಸಲಿಲ್ಲ.

ಒಮ್ಮೊಮ್ಮೆ ಯಾರಿಗಾದರೂ ಪಾಲು ಬಿಡಬೇಕಾಗುತ್ತಿತ್ತು. ಒಬ್ಬಳಿಗೆ ಮಗಳ ಮದುವೆ. ಇನ್ನೊಬ್ಬಳಿಗೆ ಗಂಡನ ಜೊತೆ ಬೇರೆ ಊರಿಗೆ ಹೋಗಬೇಕು. ಭಟ್ಟಿಯ ಕೈಯಲ್ಲಿ ದುಡ್ಡು ಮಿಕ್ಕಿದ್ದರೆ ಬಳೆಗಾರ ಅದರಿಂದ ಅವರ ಪಾಲಿನ ಬಳೆಯನ್ನು ಕೊಳ್ಳುತ್ತಿದ್ದ. ವ್ಯಾಪಾರ ಬಿದ್ದ ವರ್ಷ ಕೆಲವರು ಹೆದರಿ, ಬಂದಷ್ಟು ಬರಲಿ ಎಂದು ಮಾರಲು ಬರುತ್ತಿದ್ದರು. ಆಗ ಅವರನ್ನು ಎದುರಿಗೆ ಕೂರಿಸಿಕೊಂಡು, ಇದು ಇಷ್ಟು ಅಗ್ಗದ ವಸ್ತುವಲ್ಲ, ತಡೆಯಬಲ್ಲೆಯಾದರೆ ತಡೆ ಎಂದು ಬುದ್ಧಿ ಹೇಳುತ್ತಿದ್ದ. ಭಟ್ಟಿಯ ಯೋಗ್ಯತೆಗೆ ಮೀರಿದ ಬೆಲೆ ಕೇಳಿದವರಿಗೆ ಕೈಮುಗಿಯುತ್ತಿದ್ದ. ಅಂಥ ವರ್ಷ ಮಿಕ್ಕಿದ್ದೂ ಹಂಚುವ ಕಂಬಳಿಗೇ ಬೀಳುತ್ತಿತ್ತು.

ಕೊಂಡ ಬಳೆಯನ್ನು ಅವನು ತನ್ನದೆಂದು ಇಟ್ಟುಕೊಳ್ಳಲಿಲ್ಲ. ಎಲ್ಲರೂ ನೋಡುತ್ತಿದ್ದ ಹಾಗೆ ಭಟ್ಟಿಯ ಮುಂದಿನ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ತಟ್ಟುತ್ತಿದ್ದ. ಚೂರುಗಳನ್ನು ಬೆಂಕಿಗೆ ಹಾಕುತ್ತಿದ್ದ. ಬಳೆ ಹೆಚ್ಚಿತು ಎನ್ನುತ್ತಿದ್ದರು ಹೆಂಗಸರು.

ಇಲ್ಲಿ ಗುರುಗಳು ಶಿಷ್ಯನ ಮುಖ ನೋಡಿದರು. ಬಳೆ ಒಡೆಯಿತು ಎಂದು ಮುತ್ತೈದೆಯರು ಬಾಯಿಬಿಟ್ಟು ಹೇಳುವುದಿಲ್ಲ, ಅಪಶಕುನ ಎಂದು ಹೆಚ್ಚಿತು ಎನ್ನುತ್ತಾರೆ, ನಿನ್ನ ತಾಯಿಯೂ ಹಾಗೇ ಹೇಳುತ್ತಾಳೆ, ಷೇರು ಪೇಟೆಯ ಸುದ್ದಿಗೆ ಕೊಡುವ ಕಿವಿಯನ್ನು ಅವಳಿಗೂ ಒಂದಿಷ್ಟು ಕೊಟ್ಟಿದ್ದರೆ ನಿನಗೆ ಗೊತ್ತಿರುತ್ತಿತ್ತು ಎಂದರು. ಮಡಿವಾಳಯ್ಯ ನಕ್ಕು ತಲೆ ತಗ್ಗಿಸಿದ.

ಹೆಂಗಸರು ಶಕುನಕ್ಕೆಂದು ಆಡಿದ ಮಾತು ಅಲ್ಲಿ ನಿಜವಾಗುತ್ತಿತ್ತು. ಒಂದು ಬಳೆ ಬೆಂಕಿಗೆ ಬಿದ್ದರೆ ಮುಂದಿನ ಪಂಚಮಿಗೆ ಕಂಬಳಿಯ ಮೇಲೆ ಒಂದು ಗುಂಪು ಕಡಿಮೆ. ಉಳಿದ ಗುಂಪುಗಳು ಅಷ್ಟಷ್ಟು ದೊಡ್ಡವು. ಹೊಸ ದುಡ್ಡು ಹಾಕದೆ, ಕುಳಿತಲ್ಲೇ, ಅವರವರ ಪಾಲು ಬೆಳೆಯುತ್ತಿತ್ತು.

ಪಾಲುದಾರರಲ್ಲಿ ಸಾತವ್ವ ಎಂಬ ಒಬ್ಬಳಿದ್ದಳು. ಮಕ್ಕಳು ಇನ್ನೂ ಸಣ್ಣವಿರುವಾಗಲೇ ಅವಳ ಗಂಡ ತೀರಿಕೊಂಡ. ಓಣಿಯ ಹಿರಿಯ ಹೆಂಗಸರು ಅವಳ ಕೈಯ ಬಳೆಗಳನ್ನೆಲ್ಲ ತೆಗೆದರು. ಒಬ್ಬಳು ಪೆಟ್ಟಿಗೆಯಲ್ಲಿದ್ದ ಪಾಲಿನ ಬಳೆಗೂ ಕೈ ಹಾಕಿದಳು. ಮಣ್ಣು ಕೊಡಲು ಬಂದಿದ್ದ ಬಳೆಗಾರ ತಡೆದ. ಅದು ಬಳೆಯಲ್ಲ, ಇವಳ ಮಕ್ಕಳ ರೊಟ್ಟಿ ಎಂದ. ಹಾಗೆ ಅವಳ ಮನೆಯಲ್ಲಿ ಒಂದು ಗಾಜಿನ ಬಳೆ ಉಳಿಯಿತು. ವರ್ಷದ ಜೋಳ ಆ ಬಳೆಯಿಂದ ಬರತೊಡಗಿತು. ಪಂಚಮಿಗೆ ಮುಂಚೆ ಹೆಂಗಸರೆಲ್ಲ ಭಟ್ಟಿಯ ಮುಂದೆ ಕೂತಾಗ ಸಾತವ್ವ ಹಿಂದೆ ಗೋಡೆಗೆ ಒರಗಿ ನಿಲ್ಲುತ್ತಿದ್ದಳು. ಬಳೆಗಾರ ಅವಳನ್ನು ಕರೆದು ಸಾಲಿನಲ್ಲಿ ಕೂರಿಸುತ್ತಿದ್ದ. ಅವಳ ಸರದಿ ಬಂದಾಗ ಅವಳ ಮಗಳ ಕೈ ಹಿಡಿದು ಬಳೆ ತೊಡಿಸುತ್ತಿದ್ದ.

ಬಳೆಗಾರನಿಗೆ ಗಂಡುಮಕ್ಕಳಿರಲಿಲ್ಲ. ಕೈಲಾಗದ ಕಾಲ ಬಂದಾಗ ಅಳಿಯನನ್ನು ಕರೆಸಿಕೊಂಡ. ಅಳಿಯ ದವಸದ ಅಂಗಡಿಯಲ್ಲಿ ಬೆಳೆದವನು. ಬುದ್ಧಿವಂತ, ದುಡಿಮೆಗಾರ. ಸಾಯುವ ಮುಂಚೆ ಬಳೆಗಾರ ಅವನಿಗೆ ಭಟ್ಟಿ ಒಪ್ಪಿಸಿ, ಪ್ರತಿವರ್ಷ ಪಂಚಮಿಗೆ ಹಂಚು, ಮಿಕ್ಕಿದರೆ ಪಾಲಿನ ಬಳೆ ಹೆಚ್ಚಲಿ ಎಂದು ಹೇಳಿದ.

ದವಸದ ಅಂಗಡಿಯಲ್ಲಿ ಹೆಚ್ಚುವುದೆಂದರೆ ಒಂದು ಚೀಲ ಎರಡಾಗುವುದು. ಮಾತಿನ ಇನ್ನೊಂದು ಅರ್ಥವನ್ನು ಅಳಿಯ ಹೆಂಡತಿಯ ಬಾಯಲ್ಲಿ ಕೇಳಿರಲಿಲ್ಲವೆಂದಲ್ಲ. ಆದರೆ ಎರಡು ಅರ್ಥದ ಮಾತು ಕಿವಿಗೆ ಬಿದ್ದರೆ ಮನಸ್ಸು ತನಗೆ ಬೇಕಾದ್ದನ್ನೇ ಹೆಕ್ಕಿಕೊಳ್ಳುತ್ತದೆ. ಅವನು ಹಸಿರು ಗಾಜಿನ ಮೇಲೆ ಹಳದಿ ಗೆರೆ ಎಳೆದು ರಾಶಿ ರಾಶಿ ಹೊಸ ಪಾಲಿನ ಬಳೆ ಮಾಡಿಸಿದ. ದೂರದ ಊರುಗಳಲ್ಲಿ ಮಾರಿದ. ಹೆಂಡತಿ, ನಮ್ಮಪ್ಪ ಹೇಳಿದ್ದು ಹಾಗಲ್ಲ ಎಂದಳು. ಹೆಂಗಸರ ಶಕುನದಿಂದ ವ್ಯಾಪಾರ ನಡೆಯುವುದಿಲ್ಲ ಎಂದ. ಬಂದ ದುಡ್ಡಿನಿಂದ ಎರಡನೆಯ ಭಟ್ಟಿ ಕಟ್ಟಿಸಿದ. ಅದು ಹೊತ್ತಿಕೊಳ್ಳುವ ಮೊದಲೇ ಮೂರನೆಯದಕ್ಕೆ ಪಾಯ ತೆಗೆಸಿದ. ಮೊದಲು ಹೆಚ್ಚಲಿ, ಹಂಚುವುದು ಆಮೇಲೆ ಇದ್ದೇ ಇದೆ ಎಂದು ಆ ವರ್ಷ ಕಂಬಳಿ ಹಾಸಲಿಲ್ಲ. ಊರಿನವರು ಹೊಗೆಕೊಳವೆಗಳನ್ನು ನೋಡಿ ಮೂಗಿನ ಮೇಲೆ ಬೆರಳಿಟ್ಟರು. ಮಾವ ಬಳೆಗಾರ, ಅಳಿಯ ಸಾಹುಕಾರ ಎಂದು ಕೊಂಡಾಡಿದರು. ಪಾಲಿನ ಬಳೆಗೆ ಹಿಂದೆಂದೂ ಇಲ್ಲದ ಬೆಲೆ ಬಂತು.

ಸಾತವ್ವ ತನ್ನ ಬಳೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಭಟ್ಟಿಗೆ ಹೋದಳು. ಪಂಚಮಿ ಬಂತು, ಮನೆಯಲ್ಲಿ ಜೋಳ ಮುಗಿದಿದೆ ಎಂದಳು.

"ಯವ್ವಾ, ನಿನ್ನ ಒಂದು ಬಳಿ ಈಗ ಹತ್ತು ಬಳಿ ಬಾಳತೈತಿ" ಎಂದ ಅಳಿಯ.

"ಬಾಳಲಿ ಬಿಡಪ್ಪಾ. ಅದರಾಗ ಒಂದು ರೊಟ್ಟಿ ಬಡಿಯಾಕ ಬರತೈತೇನು?" ಎಂದಳು ಸಾತವ್ವ.

ಬೇಕಾದರೆ ಮಾರು, ಕೊಳ್ಳುವವರನ್ನು ತೋರಿಸುತ್ತೇನೆ ಎಂದ. ಸಾತವ್ವನಿಗೆ ಮನಸ್ಸಾಗಲಿಲ್ಲ. ಗಂಡ ಹೋದ ದಿನವೂ ಉಳಿದ ಬಳೆ ಅದು. ಬಳೆಗಾರನ ಮಾತಿನ ಮೇಲೆ ಅವಳಿಗೆ ನಂಬಿಕೆಯಿತ್ತು. ಮುಂದಿನ ಪಂಚಮಿಗೆ ಕಂಬಳಿ ಹಾಸಿಯಾರು ಎಂದು ತಿರುಗಿ ಬಂದಳು. ಮಕ್ಕಳನ್ನು ಕರೆದುಕೊಂಡು ಹೊಲದ ಕೂಲಿಗೆ ಹೋಗತೊಡಗಿದಳು.

ಮುಂದಿನ ಪಂಚಮಿಗೂ ಹಾಸಲಿಲ್ಲ. ಭಟ್ಟಿಗಳು ಬೆಳೆದಿದ್ದವು, ಬಳೆ ತೊಡುವ ಕೈಗಳು ಇದ್ದಷ್ಟೇ ಇದ್ದವು. ಬಳೆಗಳು ಕಣಜದಲ್ಲಿ ಕಾಳು ಬಿದ್ದಂತೆ ಬಿದ್ದವು. ಕಟ್ಟಿಗೆಯ ಖರ್ಚೂ ಹುಟ್ಟದ ದರಕ್ಕೆ ಹೋದವು. ಅಳಿಯ ಒಂದು ಭಟ್ಟಿಯನ್ನು ಉರಿಸಲು ಇನ್ನೊಂದನ್ನು ಆರಿಸಿದ. ಕೊನೆಗೆ ಮಾವ ಕಟ್ಟಿದ ಹಳೆಯ ಭಟ್ಟಿಯೂ ಆರಿತು. ಅದರ ಇಟ್ಟಿಗೆಗಳನ್ನು ಬಿಚ್ಚಿ ಮಾರಿ ಕೂಲಿಯವರ ಬಾಕಿ ತೀರಿಸಿದ. ಅವನು ಮೋಸಗಾರನಲ್ಲ. ಯಾರ ಕೂಲಿಯನ್ನೂ ಮುಳುಗಿಸಲಿಲ್ಲ, ತನಗೆಂದು ಏನನ್ನೂ ಬಚ್ಚಿಡಲಿಲ್ಲ. ಮಾವ ಮೂಲೆಗಿಟ್ಟಿದ್ದ ಮಲಾರವನ್ನು ತಾನು ಹೆಗಲಿಗೇರಿಸಿಕೊಂಡು ಊರೂರು ತಿರುಗಿದ.

ಒಂದು ಪಂಚಮಿಯ ಹಿಂದಿನ ದಿನ ಅವನು ಸಾತವ್ವನ ಬಾಗಿಲಿಗೆ ಬಂದ. ಮಲಾರವನ್ನು ಇಳಿಸಿ ಹೊಸ್ತಿಲ ಹೊರಗೇ ಕೂತ. ಮಾವನ ಮಾತು ಈಗ ತಿಳಿಯಿತು ಎಂದ. ಆ ಬಳೆಯನ್ನು ಕೊಟ್ಟರೆ, ತನ್ನ ಕೈಯಲ್ಲಿದ್ದಷ್ಟು ಕೊಟ್ಟು, ಮಾವ ಮಾಡುತ್ತಿದ್ದ ಹಾಗೆ ಕಲ್ಲಿನ ಮೇಲಿಟ್ಟು ಹೆಚ್ಚಿಸಿಬಿಡುತ್ತೇನೆ ಎಂದು ಬೇಡಿಕೊಂಡ. ಸಾತವ್ವ ಅವನಿಗೆ ಕುಡಿಯಲು ನೀರು ಕೊಟ್ಟಳು. ಬಳೆ ಕೊಡಲಿಲ್ಲ.

"ಹೆಚ್ಚಿಸಿ ಚೂರು ಎಲ್ಲಿ ಹಾಕ್ತೀಯಪ್ಪಾ? ಭಟ್ಟಿನ ಇಲ್ಲ" ಎಂದಳು.

ಆ ಪಂಚಮಿಗೆ ಆ ಮನೆಯಲ್ಲಿ ಉಂಡಿ ಕಟ್ಟಲಿಲ್ಲ.

ಕತೆ ಅಲ್ಲಿಗೆ ನಿಂತಿತು. ಮಡಿವಾಳಯ್ಯನಿಗೆ ಸಮಾಧಾನವಾಗಲಿಲ್ಲ. ಹಾಗಾದರೆ ಬೆಳೆಯುವುದೇ ತಪ್ಪೇ ಎಂದು ಕೇಳಿದ. ಬಳೆಗಾರ ಭಟ್ಟಿಯ ಬಾಯಿ ಅಗಲ ಮಾಡಿಸಿದಾಗ ನಿನಗೆ ತೂಕಡಿಕೆ ಬಂದಿತ್ತೇನು ಎಂದು ಗುರುಗಳು ರೇಗಿದರು. ಬಳೆಗಾರ ಬೆಳೆಯುವಷ್ಟು ಬೆಳೆದ, ಕೊಡುವುದನ್ನು ಕೊಟ್ಟ, ಸಾತವ್ವನಂಥವರು ಎದುರಿಗೆ ಕೂತಿದ್ದಾರೆ ಎಂಬುದನ್ನು ಮರೆಯಲಿಲ್ಲ ಎಂದರು.

ಅಷ್ಟರಲ್ಲಿ ದಾಸೋಹದ ಗಂಟೆ ಬಡಿಯಿತು. ಊಟಕ್ಕೆ ಬಂದವರು ಅಂಗಳದಲ್ಲಿ ಸಾಲು ಹಿಡಿದು ಕೂರುವುದು ಕಾಣುತ್ತಿತ್ತು. ಅವರಲ್ಲಿ ಒಬ್ಬ ಮುದುಕಿ ಸಾಲಿಗೆ ಸೇರದೆ ಗೋಡೆಗೆ ಒರಗಿ ನಿಂತಿದ್ದಳು. ಗುರುಗಳು ಕೂತಲ್ಲಿಂದಲೇ ಕೈ ಸನ್ನೆ ಮಾಡಿ ಅವಳನ್ನು ಕೂರಿಸಿದರು. ಆಮೇಲೆ ಎದ್ದು ಒಳಗೆ ಹೋದರು. ಬರುವಾಗ ಅವರ ಕೈಯಲ್ಲಿ ಹಳೆಯ ಕುಪ್ಪಸದ ಬಟ್ಟೆಯ ಒಂದು ಸಣ್ಣ ಗಂಟಿತ್ತು. ಬಿಚ್ಚಿ ಶಿಷ್ಯನ ಅಂಗೈಯ ಮೇಲಿಟ್ಟರು. ಹಸಿರು ಗಾಜು, ಅದರ ಮೇಲೆ ಹಳದಿ ಗೆರೆ.

ಸಾತವ್ವ ನಮ್ಮವ್ವ ಎಂದರು ಗುರುಗಳು. ಅವರ ಕಣ್ಣು ತುಂಬಿತ್ತು. ಅದನ್ನು ಅವರು ಮರೆಮಾಡಲಿಲ್ಲ.

ಮಡಿವಾಳಯ್ಯ ಬಳೆಯನ್ನು ಬೆಳಕಿಗೆ ಹಿಡಿದು ಸುತ್ತ ತಿರುಗಿಸಿ ನೋಡಿದ. ಎಲ್ಲೂ ಒಂದು ಬಿರುಕಿರಲಿಲ್ಲ. ಇಷ್ಟು ವರ್ಷವಾದರೂ ಹೇಗೆ ಹಾಗೇ ಉಳಿದಿದೆ ಎಂದು ಬೆರಗಿನಿಂದ ಹೇಳಿದ.

"ಒಡೀಲಿಲ್ಲ ನೋಡು, ಅದಕ್ಕ ಹೆಚ್ಚಲಿಲ್ಲ."